ಮೂವತ್ತೈದು ಗಂಟಿನ ಹುರಿ

ಅವರ ಬಲ ಹೆಬ್ಬೆರಳಿನ ಉಗುರು ಸದಾ ಸೀಳಿರುತ್ತಿತ್ತು. ಗೋಣಿ ಹುರಿಗೆ ಗಂಟು ಹಾಕಿ ಅದನ್ನು ಆ ಉಗುರಿನಿಂದಲೇ ಒತ್ತಿ ಬಿಗಿ ಮಾಡುತ್ತಿದ್ದರು. ಭದ್ರಾವತಿ ರೈಲ್ವೆ ಸ್ಟೇಷನ್ನಿನ ಎದುರು ಬೆಂಚಿನಷ್ಟು ಅಗಲದ ಅಂಗಡಿ. ಮನೆ ಮಾರಿಸುವ ದಲ್ಲಾಳಿ. ಊರೆಲ್ಲ ಸಾಹೇಬರು ಎನ್ನುತ್ತಿತ್ತು, ನಾನೂ ಹಾಗೇ ಕರೆದೆ.

ಮಾರಾಟಕ್ಕೆ ಬಂದ ಪ್ರತಿ ಮನೆಯ ಬೀಗದ ಕೈ ಅವರ ಗೋಡೆಯಲ್ಲಿ ಒಂದೊಂದು ಹುರಿಗೆ ನೇತಾಡುತ್ತಿತ್ತು. ಶುಕ್ರವಾರದ ನಮಾಜು ಮುಗಿಸಿ ಬಂದವರೇ, ಇನ್ನೂ ಬಿಕರಿಯಾಗದ ಮನೆಗಳ ಹುರಿಗೆ ಒಂದೊಂದು ಗಂಟು ಹಾಕುತ್ತಿದ್ದರು. ಗಿರಾಕಿ ಬಂದರೆ ಹುರಿಯನ್ನೇ ಕೈಗೆ ಕೊಡುವುದು. ಗಂಟು ಎಣಿಸಿದರೆ ಮನೆ ಎಷ್ಟು ವಾರದಿಂದ ಹಾಗೇ ಬಿದ್ದಿದೆ ಎಂದು ತಿಳಿಯುತ್ತಿತ್ತು. ಬೇರೆ ದಲ್ಲಾಳಿಗಳು ನಾಲ್ಕು ದಿನ ಬೋರ್ಡು ಇಳಿಸಿ, ಮತ್ತೆ ಏರಿಸಿ, ನಿನ್ನೆ ಬಂದ ಮನೆ ಎನ್ನುತ್ತಿದ್ದರು. ಇವರಿಗೆ ಆ ವಿದ್ಯೆ ಹತ್ತಲಿಲ್ಲ.

ಗಂಡ ತೀರಿಕೊಂಡ ಮೇಲೆ ನನಗೆ ಶಿವಮೊಗ್ಗದಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಬೆಳಗಿನ ರೈಲು ಹತ್ತಿದರೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಭದ್ರಾವತಿಯ ಮನೆ ಮಾರಿ ಸ್ಕೂಲಿನ ಹತ್ತಿರ ಒಂದು ಸೂರು ಮಾಡಿಕೊಳ್ಳುವ ಆಸೆ. ಒಂದೂವರೆ ವರ್ಷದ ಮಗಳನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ಅವಳು ಅವರನ್ನೇ ಅಮ್ಮ ಎನ್ನತೊಡಗಿದಳು.

ನಮ್ಮ ಹುರಿಯಲ್ಲಿ ಮೂವತ್ತೊಂದು ಗಂಟಾಗಿತ್ತು. ಅದನ್ನು ಎಣಿಸಿದವರೆಲ್ಲ ಮುಖ ಹುಳ್ಳಗೆ ಮಾಡಿ ಹೋಗುತ್ತಿದ್ದರು. ಸ್ಕೂಲಿಗೆ ರಜೆಯಿದ್ದ ಒಂದು ಶುಕ್ರವಾರ, ಸಾಹೇಬರು ನಮಾಜಿಗೆ ಹೋಗಿದ್ದಾಗ, ಅಂಗಡಿಯಲ್ಲಿ ಕೂತು ಇಪ್ಪತ್ತೆಂಟು ಗಂಟು ಬಿಚ್ಚಿಬಿಟ್ಟೆ.

ಅವರು ಬಂದು ಹುರಿ ನೋಡಿದರು. ಬೈಯಲಿಲ್ಲ. ಕೂತು ಒಂದೊಂದಾಗಿ ಮತ್ತೆ ಹಾಕಿದರು. ಲೆಕ್ಕವೆಲ್ಲ ತಲೆಯಲ್ಲೇ ಇತ್ತು. ಹುರಿ ಇದ್ದದ್ದು ಗಿರಾಕಿಗಾಗಿ. ಮೂವತ್ತೊಂದಾದ ಮೇಲೆ ಆ ದಿನದ್ದೂ ಒಂದು ಸೇರಿಸಿದರು. ನನಗೆ ರೇಗಿತು.

"ನನ್ನ ಮಗು ಬೇರೆಯವರನ್ನ ಅಮ್ಮ ಅಂತಿದೆ. ನಿಮಗೆ ನಿಮ್ಮ ಗಂಟೇ ಹೆಚ್ಚಾಯ್ತಾ?" ಎಂದೆ.

ಅವರು ಸೀಳಿದ ಉಗುರು ಸವರಿಕೊಂಡರು. "ಏಳನೇ ಗಂಟಲ್ಲಿ ಬಂದವ್ರು, ಹದಿನೆಂಟನೇದ್ರಲ್ಲಿ ಬಂದವ್ರು, ಎಲ್ಲಾ ನಿಮ್ಮ ಅಡುಗೆಮನೆ ಕತ್ತಲೆ ನೋಡೇ ವಾಪಸ್ ಹೋದ್ರು. ಗಂಟು ಬಿಚ್ಚೋದಲ್ಲ ಟೀಚರಮ್ಮ, ಗೋಡೆ ಒಡೆದು ಅಲ್ಲೊಂದು ಕಿಟಕಿ ಇಡ್ಸಿ."

ಸಿಟ್ಟಿನಲ್ಲೇ ಕಿಟಕಿ ಇಡಿಸಿದೆ. ಮೂರು ವಾರಕ್ಕೆ ಕಾರ್ಖಾನೆಯ ಒಬ್ಬ ಫಿಟ್ಟರ್ ಬಂದ. ಇಷ್ಟು ಗಂಟು ಯಾಕೆ ಎಂದು ಕೇಳಿದ್ದಕ್ಕೆ ಸಾಹೇಬರು, ಮೂವತ್ತೆರಡು ಕತ್ತಲೆಯವು, ಮೂರು ಬೆಳಕಿನವು ಎಂದರಂತೆ. ಆತ ನಕ್ಕು ಮನೆ ಕೊಂಡ. ಬೀಗದ ಕೈ ಅವನಿಗೆ, ಹುರಿ ನನಗೆ. ನಾನು ಮುಖ ಕೊಟ್ಟು ಮಾತಾಡಲಿಲ್ಲ. ಶಿವಮೊಗ್ಗ ಸೇರಿಬಿಟ್ಟೆ.

ಸಾಹೇಬರು ತೀರಿಕೊಂಡ ಸುದ್ದಿ ಮೂರು ವರ್ಷದ ಮೇಲೆ ಬಂತು. ಮಗಳ ಕೈ ಹಿಡಿದು, ಹುರಿ ತೆಗೆದುಕೊಂಡು ಭದ್ರಾವತಿಗೆ ಹೋದೆ. ಅವರ ಹೆಂಡತಿ ಹುರಿಯನ್ನು ಕಂಡ ಕೂಡಲೇ ನನ್ನ ಗುರುತು ಹಿಡಿದರು.

"ನೀವು ಗಂಟು ಬಿಚ್ಚಿದ ದಿನ ಊಟ ಮಾಡ್ಲಿಲ್ಲ ಅವ್ರು. 'ನಾನೊಂದು ಸುಳ್ಳು ಹೇಳಿದ್ರೆ ಆ ಮಗು ಯಾವತ್ತೋ ಅಮ್ಮನ ಮಡಿಲಲ್ಲಿರ್ತಿತ್ತು, ನನ್ನ ಕೈಲಿ ಆಗ್ತಿಲ್ವಲ್ಲ' ಅಂದ್ರು. ಮೂರು ವಾರ ಕಾರ್ಖಾನೆ ಗೇಟಲ್ಲೇ ನಿಂತು ಗಿರಾಕಿ ಹುಡುಕಿದ್ರು."

ಮಗಳು ನನ್ನ ಸೆರಗು ಜಗ್ಗಿ, ಅಮ್ಮಾ, ಯಾಕೆ ಅಳ್ತೀಯ ಎಂದು ಕೇಳಿದಳು. ಸಾಹೇಬರಿಗೆ ನಾನು ಒಂದು ದಿನವೂ ತಪ್ಪಾಯಿತು ಎಂದಿರಲಿಲ್ಲ.