ಮನೆಗೊಂದೇ ಇಮೇಲ್

ಆ ಸರ್ಟಿಫಿಕೇಟಿನಲ್ಲಿ ಇರುವುದು ನನ್ನ ಯಜಮಾನರ ಹೆಸರು ಎಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅದನ್ನು ನನ್ನದೆಂದು ತೋರಿಸಲು ಭದ್ರಾವತಿಯಿಂದ ಶಿವಮೊಗ್ಗದ ಆಫೀಸೊಂದಕ್ಕೆ ಬಸ್ಸು ಹತ್ತಿದೆ. ಬರೆಯಲು ಕೂತಾಗ ಪೆದ್ದತನ ಅನ್ನಿಸುತ್ತದೆ. ಆ ಬೆಳಿಗ್ಗೆ ಅನ್ನಿಸಿರಲಿಲ್ಲ. ನಮ್ಮ ಮನೆಯ ಕರೆಂಟ್ ಬಿಲ್ ಇವತ್ತಿಗೂ ಮಾವನವರ ಹೆಸರಿನಲ್ಲೇ ಬರುತ್ತದೆ. ಅವರು ತೀರಿಕೊಂಡು ವರ್ಷಗಳಾದವು, ದೀಪ ನಮಗೆ ಉರಿಯುತ್ತಲೇ ಇದೆ. ಹೆಸರು ಯಾರದ್ದಾದರೇನು, ಮನೆಗೆ ಬಂದದ್ದು ಮನೆಯವರೆಲ್ಲರದ್ದು ಎಂಬ ಲೆಕ್ಕದಲ್ಲೇ ನಾವು ಬದುಕಿದ್ದೇವೆ.

ಇಮೇಲ್ ಕೂಡ ಹಾಗೆಯೇ. ಮಗಳನ್ನು ಶಾಲೆಗೆ ಸೇರಿಸುವಾಗ ಓಲ್ಡ್ ಟೌನಿನ ಸೈಬರ್ ಅಂಗಡಿಯವನು ಯಜಮಾನರ ಹೆಸರಿಗೆ ಒಂದಿಷ್ಟು ಅಂಕಿ ಜೋಡಿಸಿ ಒಂದು ಇಮೇಲ್ ಮಾಡಿಕೊಟ್ಟಿದ್ದ. ಆಮೇಲೆ ಬ್ಯಾಂಕಿಗೆ, ಗ್ಯಾಸಿಗೆ, ಮಗಳ ಹಾಸ್ಟೆಲ್ಲಿಗೆ ಎಲ್ಲದಕ್ಕೂ ಅದೇ. ನಾನು ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಕನ್ನಡ ಎಂಎ ಮಾಡಿದವಳು. ಪ್ರೆಸ್ಸೊಂದರಲ್ಲಿ ಕರಡು ತಿದ್ದುವ ಕೆಲಸ ಮಾಡಿಕೊಂಡಿದ್ದೆ, ಪ್ರೆಸ್ಸು ಮುಚ್ಚುವ ತನಕ. ನನಗೆ ಸ್ವಂತ ಇಮೇಲ್ ಇಲ್ಲ ಎಂಬುದು ನನಗೇ ಹೊಳೆದಿರಲಿಲ್ಲ.

ಪ್ರೆಸ್ಸು ಮುಚ್ಚಿದ ಸುಮಾರಿಗೆ ಯಜಮಾನರ ಕೆಲಸವೂ ಹೋಯಿತು. ಅವರು ಒಂದು ವರ್ಕ್‌ಶಾಪಿನ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಆ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಅವರು ಬೇಕಾಗಲಿಲ್ಲ. ಆಗ ಶಿವಮೊಗ್ಗದ ನವುಲೆಯ ಹತ್ತಿರದ ಒಂದು ಹಾಲ್‌ನಲ್ಲಿ, ಕೆಲಸ ಕಳೆದುಕೊಂಡ ದೊಡ್ಡವರಿಗೆಂದು ಎಐ ತರಬೇತಿ ಶುರುವಾಯಿತು. ಭಾನುವಾರ ಅಲ್ಲಿ ಪಾಠ, ಉಳಿದ ದಿನ ಮನೆಯಲ್ಲೇ ಆನ್‌ಲೈನ್. ಒಂದೊಂದು ಪರೀಕ್ಷೆ ಪಾಸಾದಾಗಲೂ ಒಂದು ಬ್ಯಾಡ್ಜ್. ನಾಲ್ಕು ಬ್ಯಾಡ್ಜ್ ಕೂಡಿದರೆ ಒಂದು ಡಿಜಿಟಲ್ ಸರ್ಟಿಫಿಕೇಟ್. ಅದರ ಮೂಲೆಯ ಚೌಕವನ್ನು ಯಾರು ಬೇಕಾದರೂ ಸ್ಕ್ಯಾನ್ ಮಾಡಿ, ಈ ವ್ಯಕ್ತಿಗೆ ಈ ಕೆಲಸ ಬರುತ್ತದೆಯೇ ಎಂದು ನೋಡಿಕೊಳ್ಳಬಹುದು. ಸೇರುವಾಗ ಇಮೇಲ್ ಕೇಳಿದರು. ಇಬ್ಬರೂ ಮನೆಯ ಇಮೇಲನ್ನೇ ಹೇಳಿದೆವು. ಹಾಜರಿ ಹಾಕುವವರಿಗೆ ನಾವು ಇಬ್ಬರು. ಆ ವ್ಯವಸ್ಥೆಯ ಪಾಲಿಗೆ ಒಬ್ಬನೇ ವಿದ್ಯಾರ್ಥಿ.

ಮನೆಯಲ್ಲಿ ಇದ್ದ ಒಂದು ಹಳೆಯ ಲ್ಯಾಪ್‌ಟಾಪಿನ ಮುಂದೆ ಇಬ್ಬರೂ ಕೂರುತ್ತಿದ್ದೆವು. ಒಬ್ಬರು ಪ್ರಶ್ನೆ ಓದುವುದು, ಇನ್ನೊಬ್ಬರು ಒತ್ತುವುದು. ಪಾಸಾದ ದಿನ ಯಜಮಾನರು ಪ್ರಿಂಟ್ ತೆಗೆಸಿ, ಚೌಕಟ್ಟು ಹಾಕಿಸಿ, ಮೇಲೊಂದು ಕುಂಕುಮದ ಬೊಟ್ಟಿಟ್ಟು ಶೋಕೇಸಿನಲ್ಲಿ ಮಗಳ ಬಹುಮಾನಗಳ ಪಕ್ಕ ನಿಲ್ಲಿಸಿದರು. ಬಂದವರಿಗೆಲ್ಲ, "ನೋಡ್ ಮಾರಾಯ, ಈ ವಯಸ್ನಲ್ಲಿ ಎಐ ಪಾಸ್ ಮಾಡ್ದೆ" ಎನ್ನುತ್ತಿದ್ದರು. ನನಗೆ ಬೇಜಾರಾಗಲಿಲ್ಲ. ಆಗಿತ್ತೇನೋ, ಈಗ ನೆನಪಿಲ್ಲ.

ಶಿವಮೊಗ್ಗದ ಆ ಆಫೀಸಿನಲ್ಲಿ ನಾನು ಬಯಸಿದ ಕೆಲಸವಿತ್ತು. ಹಳೆಯ ಕನ್ನಡ ಕಾಗದಗಳನ್ನು ಯಂತ್ರ ಓದಿ ಟೈಪು ಮಾಡುತ್ತದೆ. ಅದರ ತಪ್ಪುಗಳನ್ನು ಮನುಷ್ಯರು ತಿದ್ದಬೇಕು. ಅಂದರೆ ನನ್ನ ಹಳೆಯ ಕೆಲಸವೇ. ಕೌಂಟರಿನಲ್ಲಿದ್ದ ಹುಡುಗಿ ನನ್ನ ಫೋನಿನಲ್ಲಿದ್ದ ಚೌಕವನ್ನು ಸ್ಕ್ಯಾನ್ ಮಾಡಿ ತಲೆಯೆತ್ತಿದಳು.

"ಮೇಡಂ, ಇದ್ರಲ್ಲಿ ಜೆಂಟ್ಸ್ ಹೆಸ್ರು ಬರ್ತಿದೆ."

"ನಮ್ಮೆಜಮಾನ್ರದ್ದು. ಇಬ್ರೂ ಒಟ್ಟಿಗೇ ಮಾಡಿದ್ದಮ್ಮ."

"ಒಟ್ಟಿಗೆ ಅಂದ್ರೆ ಹೆಂಗ್ ಮೇಡಂ? ಕೆಲ್ಸಕ್ಕೂ ಒಟ್ಟಿಗೇ ಬರ್ತೀರಾ?" ಎಂದು ನಕ್ಕಳು. ನಕ್ಕದ್ದಕ್ಕೆ ತಾನೇ ಮುಜುಗರಪಟ್ಟು, "ನಾಳೆ ಸಂಜೆ ಐದರೊಳಗೆ ನಿಮ್ಮ ಹೆಸ್ರಿನ ಲಿಂಕ್ ಕಳ್ಸಿ. ಆಮೇಲೆ ಅರ್ಜಿ ಕ್ಲೋಸ್ ಆಗುತ್ತೆ" ಎಂದಳು.

ಮನೆಗೆ ಬಂದು ವಿಷಯ ಹೇಳಿದಾಗ ಯಜಮಾನರು ಶೋಕೇಸಿನ ಕಡೆಗೊಮ್ಮೆ ನೋಡಿದರು. "ನಾಳೆ ನವುಲೆಗೆ ಹೋಗೋಣ, ಪಾಠದ ಮೇಡಂ ದಿನಾ ಅಲ್ಲೇ ಇರ್ತಾರೆ, ಏನಾದ್ರೂ ಮಾಡ್ಕೊಡ್ತಾರೆ" ಎಂದರು, ಅಷ್ಟೇ.

ಮಾರನೆಯ ದಿನ ಬಸ್ಸಿನಲ್ಲಿ ಜಗಳವಾಯಿತು. ಯಾವ ಬ್ಯಾಡ್ಜ್ ಯಾರದ್ದು ಎಂದು.

"ಮೂರನೇದಂತೂ ನಂದು" ಎಂದರು ಅವರು. ಮೂರನೆಯದೆಂದರೆ ಮಾಹಿತಿಯನ್ನು ಸಾಲು ಸಾಲಾಗಿ ಶೀಟಿನಲ್ಲಿ ಜೋಡಿಸಿ ಯಂತ್ರಕ್ಕೆ ಕೊಡುವ ಪಾಠ.

"ಅದ್ ನಾನ್ರೀ ಮಾಡಿದ್ದು. ನೀವು ಪಕ್ಕದಲ್ಲಿ ತೂಕಡಿಸ್ತಿದ್ರಿ."

"ಇಪ್ಪತ್ತು ವರ್ಷ ಸ್ಟೋರ್ಸಲ್ಲಿ ನಟ್ಟು ಬೋಲ್ಟು ಜೋಡ್ಸಿದೋನು ಶೀಟ್ ಮುಂದೆ ತೂಕಡಿಸ್ತೀನಾ ಮಾರಾಯ್ತಿ?"

ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು: ಅವರ ತಲೆ ಎದೆಗೆ ಬಾಗಿದ್ದು, ಮೂಗಿನ ತುದಿಗೆ ಜಾರಿದ ಕನ್ನಡಕ, ನಾನು ಒಂದೊಂದೇ ಕಾಲಂ ಎಳೆದದ್ದು. ಡೈರಿ ಬರೆಯುವ ಅಭ್ಯಾಸವಿದೆಯಲ್ಲ, ಯಾವುದನ್ನು ಯಾರು ಮಾಡಿದ್ದೆಂದು ಹಿಂದಿನ ಸಂಜೆಯೇ ತೆಗೆದು ನೋಡಿದ್ದೆ. ಆ ದಿನದ ಪುಟದಲ್ಲಿ ಗ್ಯಾಸ್ ಸಿಲಿಂಡರ್ ಬಂದ ಸುದ್ದಿ ಬಿಟ್ಟರೆ ಏನೂ ಇಲ್ಲ.

ತರಬೇತಿಯ ಮೇಡಂ ನಮಗಿಂತ ಬಹಳ ಚಿಕ್ಕವರು. ಎಲ್ಲ ಕೇಳಿಸಿಕೊಂಡು ಹಣೆ ಒತ್ತಿಕೊಂಡರು.

"ಸಾರ್, ನಾಲ್ಕನೇ ಪಾಠ ಯಾವ್ದು ಹೇಳಿ?"

"ಡಿಜಿಟಲ್ ಸುರಕ್ಷತೆ."

"ಅದ್ರಲ್ಲಿ ಮೊದಲ್ನೇ ನಿಯಮ?"

"ನಮ್ಮ ಲಾಗಿನ್ ಯಾರಿಗೂ ಕೊಡಬಾರ್ದು."

"ಅದಕ್ಕೆ ಪೂರ್ತಿ ಮಾರ್ಕ್ಸ್ ತಗೊಂಡಿದೀರಲ್ಲ ಸಾರ್, ಇಬ್ರೂ ಒಂದೇ ಲಾಗಿನ್ನಲ್ಲಿ!"

"ಹೆಂಡ್ತಿನ ಯಾರೋ ಅನ್ನಕ್ಕಾಗುತ್ತಾ ಮೇಡಂ?"

ಮೇಡಂ ನಗಲಿಲ್ಲ. ನನ್ನ ಹೆಸರಿಗೆ ಸರ್ಟಿಫಿಕೇಟ್ ಬೇಕಾದರೆ ಒಂದು ಲಾಗಿನ್ನಿನಲ್ಲಿ ಇಬ್ಬರು ಕಲಿತರೆಂದು ತಾವು ಮೇಲಕ್ಕೆ ತಿಳಿಸಬೇಕು, ತಿಳಿಸಿದರೆ ಈಗಿರುವುದು ರದ್ದಾಗುತ್ತದೆ, ಇಬ್ಬರೂ ಬೇರೆ ಬೇರೆ ಲಾಗಿನ್ನಿನಲ್ಲಿ ಪರೀಕ್ಷೆ ಮತ್ತೆ ಬರೆಯಬೇಕು ಎಂದರು. ಕೆಲಸ ಹೋದಂದಿನಿಂದ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಯಜಮಾನರಿಗಿದ್ದದ್ದು ಆ ಕಾಗದವೊಂದೇ. ಬೇಡ ಬಿಡಿ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು ಎಂದು ಈಗ ಅಂದುಕೊಳ್ಳುತ್ತೇನೆ. ನಿಜವಾಗಿಯೂ ಬಂದಿತ್ತೋ, ಅವರು ಮೊದಲು ಮಾತಾಡಲಿ ಎಂದು ಕಾದಿದ್ದೆನೋ, ಆಣೆ ಮಾಡಿ ಹೇಳಲಾರೆ.

"ರದ್ದು ಮಾಡ್ಬಿಡಿ ಮೇಡಂ" ಎಂದರು ಯಜಮಾನರು. "ಇವ್ಳಿಗೆ ಐದು ಗಂಟೆ ಒಳಗೆ ಬೇಕು."

ನನ್ನದೇ ಹೆಸರಿನ, ನನ್ನದೇ ಫೋನ್ ನಂಬರಿನ ಇಮೇಲ್ ಆಯಿತು. ಮೇಡಂ ನಮ್ಮನ್ನು ಹಾಲ್‌ನ ಎರಡು ತುದಿಗೆ ಕೂರಿಸಿದರು, ಕಾಪಿ ಹೊಡೆಯುವ ಮಕ್ಕಳನ್ನು ಕೂರಿಸುವ ಹಾಗೆ. ಮೊದಲಿನ ಎರಡು ಸಲೀಸಾಗಿ ಮುಗಿದವು. ಎರಡನೆಯದು ಯಂತ್ರ ಬರೆದ ಕನ್ನಡದಲ್ಲಿ ತಪ್ಪು ಹುಡುಕುವುದು; ಅದು ನನಗೆ ಅನ್ನ ಬಸಿದಷ್ಟು ಸುಲಭ. ಮೂರನೆಯದು ತೆರೆಯಿತು. ಖಾಲಿ ಶೀಟು, ಪಕ್ಕದಲ್ಲಿ ಚೆಲ್ಲಾಪಿಲ್ಲಿಯಾದ ಒಂದು ರಾಶಿ ಮಾಹಿತಿ. ನೋಡುತ್ತಾ ಕೂತೆ. ಕೈಗೆ ಏನೂ ಗೊತ್ತಿರಲಿಲ್ಲ. ಒಂದು ಸಲ ಮಾಡಿದ ಕೆಲಸವನ್ನು ತಲೆ ಮರೆತರೂ ಕೈ ಅಷ್ಟಿಷ್ಟು ನೆನಪಿಟ್ಟುಕೊಂಡಿರುತ್ತದೆ. ನನ್ನ ಕೈ ಈ ಕೆಲಸವನ್ನು ಎಂದೂ ಮುಟ್ಟಿದ್ದಲ್ಲ. ಸಿಕ್ಕದ್ದನ್ನು ಸಿಕ್ಕಲ್ಲಿ ಇಟ್ಟು ಒತ್ತಿದೆ. ಉತ್ತೀರ್ಣರಾಗಿಲ್ಲ, ನಾಳೆ ಮತ್ತೆ ಪ್ರಯತ್ನಿಸಿ ಎಂದು ಬಂತು.

"ಇವತ್ತೇ ಇನ್ನೊಂದ್ಸಲ ಆಗಲ್ವಾ ಮೇಡಂ?"

"ಒಂದ್ ದಿನ ಲಾಕ್ ಆಗಿರುತ್ತೆ. ನನ್ ಕೈಲಿ ಏನಿಲ್ಲ ಅಕ್ಕ."

ನಾಲ್ಕನೆಯದನ್ನು ಬರೆದು ಮುಗಿಸಿದೆ, ಯಾಕೆಂದು ತಿಳಿಯದೆ. ಆ ತುದಿಯಿಂದ ಯಜಮಾನರು ಎದ್ದು ಬಂದರು. ಅವರಿಗೆ ಮೂರನೆಯದು ಪೂರ್ತಿ ಸರಿ ಬಂದಿತ್ತು. ಕನ್ನಡದ್ದು ಹೋಗಿತ್ತು.

"ಇಬ್ರದ್ದೂ ಸೇರ್ಸಿದ್ರೆ ಪೂರ್ತಿ ಆಗುತ್ತೆ ನೋಡಿ ಮೇಡಂ" ಎಂದರು. ಈಗ ಮೇಡಂ ನಕ್ಕರು. ನನಗೆ ನಗು ಬರಲಿಲ್ಲ. ಗೋಡೆಯ ಗಡಿಯಾರ ಐದಕ್ಕೆ ಹತ್ತಿರವಾಗಿತ್ತು. ಆಫೀಸಿನ ಹುಡುಗಿಗೆ ಫೋನು ಮಾಡಿ ಆಗಲಿಲ್ಲ ಎಂದೆ. ಮತ್ತೆ ಯಾವಾಗಲಾದರೂ ಜನ ಬೇಕಾದರೆ ತಿಳಿಸುತ್ತೇನೆ ಎಂದಳು. ಎಲ್ಲರಿಗೂ ಹೇಳುವ ಮಾತು ಅದು; ಆದರೂ ನನ್ನ ಹೊಸ ಇಮೇಲ್ ಕೇಳಿ ಬರೆದುಕೊಂಡಳು.

ವಾಪಸು ಬರುವಾಗ ಬಸ್ಸಿನಲ್ಲಿ ಮೂರನೆಯ ಬ್ಯಾಡ್ಜನ್ನೇ ಯೋಚಿಸುತ್ತಾ ಕೂತೆ. ಹಾಗಾದರೆ ಆ ತೂಕಡಿಕೆ? ಬೇರೆ ಯಾವುದೋ ದಿನದ್ದಿರಬೇಕು. ಅಥವಾ ಆ ದಿನ ತೂಕಡಿಸಿದ್ದು ನಾನೇ ಇರಬೇಕು, ಎಚ್ಚರವಾದಾಗ ಕಂಡ ತೆರೆಯ ಮೇಲಿನ ಸಾಲುಗಳನ್ನು ನನ್ನವೆಂದುಕೊಂಡಿರಬೇಕು. ಎಷ್ಟು ತಿರುವಿ ನೋಡಿದರೂ ಆ ಜಾರಿದ ಕನ್ನಡಕ ಮಾತ್ರ ಹಾಗೆಯೇ ಕಾಣುತ್ತದೆ. ಅದನ್ನು ಏನು ಮಾಡಲಿ?

ಮನೆಗೆ ಬಂದವರೇ ಯಜಮಾನರು ಶೋಕೇಸಿನ ಗಾಜಿನ ಮೇಲಿಂದಲೇ ಸರ್ಟಿಫಿಕೇಟಿನ ಚೌಕವನ್ನು ಸ್ಕ್ಯಾನ್ ಮಾಡಿದರು. ಈ ಪ್ರಮಾಣಪತ್ರ ಚಾಲ್ತಿಯಲ್ಲಿಲ್ಲ ಎಂದು ಕೆಂಪು ಅಕ್ಷರ ಬಂತು. ಫೋನನ್ನು ಜೇಬಿಗಿಟ್ಟುಕೊಂಡರು. ಚೌಕಟ್ಟನ್ನು ಅಲ್ಲಿಂದ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪು ತಂದು ಮೇಜಿನ ಮೇಲಿಟ್ಟು, ಎರಡು ಕುರ್ಚಿ ಎಳೆದರು.

"ಬಾ, ಶೀಟ್ ತೆಗಿ. ನಾಳೆ ಬರೀಬೇಕಲ್ಲ."

"ಇನ್ಯಾಕ್ರೀ? ಅರ್ಜಿ ಮುಗೀತಲ್ಲ."

"ಆ ಹುಡ್ಗಿ ಫೋನ್ ಮಾಡ್ದಾಗ ಇನ್ನೊಂದ್ಸಲ ಇಲ್ಲ ಅಂತೀಯಾ? ನಾನು ಮೌಸ್ ಮುಟ್ಟಲ್ಲ. ಬಾಯಲ್ಲಿ ಮಾತ್ರ ಹೇಳ್ತೀನಿ."

ಕಣ್ಣು ಉರಿಯುತ್ತಿತ್ತು. ಕೂತೆ. ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ನಾನು ಮೊದಲನೆಯ ಕಾಲಮ್ಮನ್ನೇ ತಪ್ಪಾಗಿ ಎಳೆದೆ. ಅವರ ಬಲಗೈ ಹೊರಗೆ ಬಂತು, ಅರ್ಧದಲ್ಲಿ ನಿಂತಿತು, ತಿರುಗಿ ತೊಡೆಯ ಕೆಳಗೆ ಹೋಯಿತು.

"ಅದಲ್ಲ," ಎಂದರು. "ಅದರ ಪಕ್ಕದ್ದು."