ಅವ್ವ ಉಲುಪಿ ನಿಲ್ಲಿಸಿದ ವರ್ಷ

ಡಿಸೆಂಬರ್ ಬಂತೆಂದರೆ ನಮ್ಮ ಮನೆಯ ಸಕ್ಕರೆ ಡಬ್ಬಿ ಗೋಡೆಯ ಮಾಡದಿಂದ ಎದ್ದು ಅಟ್ಟ ಸೇರುತ್ತಿತ್ತು. ಹಬ್ಬ ಹತ್ತಿರವಾದಂತೆ ಬೇರೆಯವರ ಮನೆಯ ಅಡುಗೆ ರುಚಿಯಾದರೆ ನಮ್ಮದು ಸಪ್ಪಗಾಗುತ್ತಿತ್ತು. ಚಹಾಕ್ಕೆ ಒಂದು ಚೂರು ಬೆಲ್ಲ, ಅದೂ ಅವ್ವನ ಕೈಯಿಂದಲೇ. ಒಗ್ಗರಣೆಗೆ ಎಣ್ಣೆ ತೋರಿಸಿದರಾಯಿತು, ಹಾಕುವಂತಿಲ್ಲ. ಅಪ್ಪ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ವಾರಕ್ಕೊಮ್ಮೆ ಮನೆಗೆ ಬರುವಾಗ ನುಚ್ಚಕ್ಕಿ ತರುತ್ತಿದ್ದ. ಆ ತಿಂಗಳೆಲ್ಲ ನುಚ್ಚಿನ ಗಂಜಿ, ನಂಜಿಕೊಳ್ಳಲು ಅಗಸಿ ಹಿಂಡಿ. ನಾನೂ ನನ್ನ ತಮ್ಮನೂ ಮುಖ ಸಿಂಡರಿಸಿದರೆ ಅವ್ವ ಸೌಟು ತೋರಿಸುತ್ತಿದ್ದಳು. “ಹಬ್ಬದ ದಿನ ಹೊಟ್ಟಿ ಬಿರಿಯೂ ಹಂಗ ಉಣ್ಣೀರಂತ. ಈಗ ಸುಮ್ನ ಕುಡೀರಿ.”

ಅವ್ವ ಸರಕಾರಿ ದವಾಖಾನೆಯ ನರ್ಸು. ಕೊಪ್ಪಳ ಹೊಸದಾಗಿ ಜಿಲ್ಲೆಯಾದ ವರ್ಷವೇ ಅವಳಿಗೆ ಯಲಬುರ್ಗಾದಿಂದ ಕುಷ್ಟಗಿಗೆ ವರ್ಗವಾಗಿ, ನಾವು ಈ ಓಣಿಗೆ ಬಂದು ಮನೆ ಹಿಡಿದಿದ್ದೆವು. ಓಣಿಯಲ್ಲಿ ಕ್ರಿಸ್ಮಸ್ ಮಾಡುವವರು ನಾವೊಬ್ಬರೇ. ಜೋಳದ ದಂಟಿಗೆ ಬಣ್ಣದ ಕಾಗದ ಅಂಟಿಸಿ ಅಪ್ಪ ಮಾಡುತ್ತಿದ್ದ ನಕ್ಷತ್ರ ನೋಡಲು ಓಣಿಯ ಹುಡುಗರೆಲ್ಲ ಬರುತ್ತಿದ್ದರು. ಅಲ್ಲಿಯವರೆಗೆ ಎಲ್ಲವೂ ಸರಿಯೇ ಇತ್ತು.

ನನ್ನ ಸಿಟ್ಟೆಲ್ಲ ಇದ್ದದ್ದು ಉಲುಪಿಯ ಮೇಲೆ. ಬೇಯಿಸಿದ್ದನ್ನು ಮುಟ್ಟದವರಿಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿಯನ್ನು ಹಸಿಯಾಗಿಯೇ ತಾಟಿನಲ್ಲಿಟ್ಟು ಕೊಡುವುದಕ್ಕೆ ನಮ್ಮ ಕಡೆ ಉಲುಪಿ ಎನ್ನುತ್ತಾರೆ. ಹಬ್ಬದ ಹಿಂದಿನ ದಿನ ಅವ್ವ ಮನೆಮನೆಗೆ ಉಲುಪಿ ಕಳಿಸುತ್ತಿದ್ದಳು. ನಾವು ಕುಡಿಯುವುದು ನುಚ್ಚು, ತಾಟಿಗೆ ಬೀಳುವುದು ಮುರಿಯದ ಸಣ್ಣಕ್ಕಿ. ನಾವು ನೆಕ್ಕುವುದು ಚೂರು, ಅವರಿಗೆ ಬೆಲ್ಲದ ದೊಡ್ಡ ಹೆಂಟೆ. ಅಕ್ಕಿ ಹಸಿಯಾಗಿರುವ ತನಕ ಯಾರ ಮನೆಯದಾದರೂ ನಡೆಯುತ್ತದೆ. ನಮ್ಮ ಒಲೆ ಏರಿತೋ, ಅದೇ ಅಕ್ಕಿಗೆ ನಮ್ಮ ಜಾತಿ ಅಂಟಿಬಿಡುತ್ತದೆ. ಎಲ್ಲರೂ ಮರ್ಯಾದೆಯಿಂದಲೇ ಹೇಳುತ್ತಿದ್ದರು, “ಹಸೇದ ಕೊಡ್ರಿ ನರ್ಸಬಾಯಿ, ನಾವ ಮಾಡ್ಕೊಂತೀವಿ.” ಆ ಮರ್ಯಾದೆ ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ಅವರ ಮನೆಗಳಿಂದ ನಮಗೆ ಬರುವುದು ಮಾತ್ರ ಬೇಯಿಸಿದ್ದೇ. ಪಂಚಮಿಗೆ ಉಂಡಿ, ದೀಪಾವಳಿಗೆ ಕರ್ಚಿಕಾಯಿ, ಎಳ್ಳಮಾಸಿಗೆ ಸಜ್ಜಿ ರೊಟ್ಟಿ, ಪುಂಡಿಪಲ್ಲೆ. ನಾವು ಬೆರಳು ಚೀಪಿಕೊಂಡು ತಿನ್ನುತ್ತಿದ್ದೆವು. ಅದೇ ಓಣಿಯ ಎಷ್ಟೋ ಕೂಸುಗಳು ಭೂಮಿಗೆ ಬಿದ್ದದ್ದು ಅವ್ವನ ಕೈಯಲ್ಲಿ. ಹೆತ್ತ ಹೆಂಗಸರು ಅವಳು ಕೊಟ್ಟ ಗುಳಿಗೆ ನುಂಗುತ್ತಿದ್ದರು, ಅವಳೆತ್ತಿ ಹಿಡಿದ ಲೋಟದಿಂದ ನೀರು ಕುಡಿಯುತ್ತಿದ್ದರು. ಹೆರಿಗೆ ಮುಗಿದು ಮೈ ಗಟ್ಟಿಯಾಯಿತೋ, ಅದೇ ಕೈಯ ಅನ್ನ ಬೇಡ.

ಪಕ್ಕದ ಮನೆಯ ಚಿಗವ್ವನೂ ಅವರಲ್ಲೊಬ್ಬಳು. ನಾವು ಹಾಗೆ ಕರೆಯುತ್ತಿದ್ದೆವು, ಸಂಬಂಧವೇನಲ್ಲ. ಅವ್ವನಿಗೆ ಆ ಊರಲ್ಲಿದ್ದ ಒಬ್ಬಳೇ ಗೆಳತಿ. ಎರಡು ಹಿತ್ತಲುಗಳ ನಡುವಿನ ಮೋಟುಗೋಡೆಯ ಆಚೆ ಅವಳು ಪಾತ್ರೆ ತಿಕ್ಕುತ್ತ, ಈಚೆ ಅವ್ವ ಬಟ್ಟೆ ಹಿಂಡುತ್ತ ನಗುವುದು ನಮಗೆ ಒಳಗೆ ಕೇಳುತ್ತಿತ್ತು. ದಿನವಿಡೀ ರೋಗಿಗಳ ನಡುವೆ ಗಂಟು ಮುಖ ಹಾಕಿಕೊಂಡಿರುತ್ತಿದ್ದ ಅವ್ವ ಆ ಗೋಡೆಯ ಹತ್ತಿರ ಮಾತ್ರ ಹುಡುಗಿಯಾಗುತ್ತಿದ್ದಳು. ಚಿಗವ್ವನ ಅತ್ತೆ ಬೆಳಗಿನಿಂದ ಸಂಜೆಯವರೆಗೆ ಮುಂದಿನ ಕಟ್ಟೆಯ ಮೇಲೆ ಕೂತು ಓಣಿ ಕಾಯುವ ಮುದುಕಿ.

ನಾನು ಹೈಸ್ಕೂಲು ಸೇರಿದ ವರ್ಷದ ಮಾತು. ಹಬ್ಬದ ಹಿಂದಿನ ದಿನ ಅವ್ವ ತಾಟುಗಳನ್ನು ಜೋಡಿಸಿಟ್ಟು ಮುಂಬಾಗಿಲಿಗೆ ಬಂದಳು. ಕಟ್ಟೆಯ ಮೇಲಿಂದ ಮುದುಕಿ ಕೂಗಿ ಹೇಳಿದಳು:

“ನರ್ಸಬಾಯಿ, ಈ ಸರತಿ ಬೆಲ್ಲ ಛಲೋದ ಕೊಡವ್ವ. ಹೋದ ವರ್ಷದ್ದು ಭಾಳ ಕರ್ರಗಿತ್ತು.”

ಅವ್ವ “ಆತು ಬಿಡ್ರಿ” ಎಂದಳು. ಒಳಗೆ ಬಂದವಳೇ ತಾಟುಗಳ ಅಕ್ಕಿಯನ್ನೆಲ್ಲ ಡಬ್ಬಿಗೆ ಸುರಿದಳು. ಬೇಳೆ ಬೇಳೆಯ ಡಬ್ಬಿಗೆ ಹೋಯಿತು. ಬೆಲ್ಲದ ಒಂದು ಹೆಂಟೆ ಒಡೆದು ನನ್ನ ಕೈಗೂ ತಮ್ಮನ ಕೈಗೂ ಇಟ್ಟಳು. ನಾವು ಗಾಬರಿಯಾಗಿ ಅದನ್ನು ಬಾಯಿಗಿಡಲೂ ಮರೆತು ನಿಂತೆವು.

“ಇನ್ನ ಮ್ಯಾಲೆ ಉಲುಪಿ ಇಲ್ಲ,” ಎಂದಳು. “ನಮ್ಮ ಹಬ್ಬ ಒಲಿ ಮ್ಯಾಲ ಆಗ್ತೈತಿ. ಉಣ್ಣೋರು ಬರ್ಲಿ, ಬಡಸ್ತೀನಿ. ಬರದವರ ಮನಿದು ನಮಗೂ ಬ್ಯಾಡ.”

ಅಪ್ಪ ಮೆತ್ತಗೆ, “ಇದ ಓಣ್ಯಾಗ ಇರೋದೈತಿ ನಾವು” ಎಂದ.

“ಇರೋದೈತಿ ಅಂತನ ಹೇಳಾಕತ್ತೀನಿ. ನೀವು ಸುಮ್ನಿರ್ರಿ.”

ಸಂಜೆ ತಾನೇ ಮನೆಮನೆಗೆ ಹೋಗಿ ಊಟಕ್ಕೆ ಕರೆದು ಬಂದಳು. ಮಾಂಸ ತಾಗದ ಹೊಸ ಪಾತ್ರೆ, ಮಧ್ಯಾಹ್ನ ಬರೀ ಸಿಹಿಯೂಟ, ಯಾರಿಗೂ ನೆವ ಹೇಳಲು ಜಾಗವಿರಬಾರದು ಎಂದು ಎಲ್ಲವನ್ನೂ ಯೋಚಿಸಿದ್ದಳು. ಮರುದಿನ ಪ್ರಾರ್ಥನೆ ಮುಗಿಸಿ ಬಂದು ಒಲೆ ಹೊತ್ತಿಸಿದಳು. ಶೇಂಗಾ ಹೋಳಿಗೆ, ಎಣ್ಣೆಗಾಯಿ, ಕೋಸಂಬರಿ, ತಿಂಗಳಿಡೀ ಕೂಡಿಟ್ಟ ತುಪ್ಪ. ಮುಂದಿನ ಕಟ್ಟೆಯ ಮೇಲೆ ಚಾಪೆ ಹಾಸಿ ಊಟದ ಪತ್ರೋಳಿ ಎಲೆ ಇಟ್ಟಳು. ಎದುರಿಗಿದ್ದ ಹಿಟ್ಟಿನ ಗಿರಣಿಯಲ್ಲಿ ಜೋಳದ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ನಮ್ಮ ಖಾಲಿ ಚಾಪೆಯನ್ನೇ ನೋಡುತ್ತಿದ್ದರು. ಒಂದು ನರಪಿಳ್ಳೆಯೂ ಬರಲಿಲ್ಲ. ಕೊನೆಗೆ ಚಾಪೆಯ ಮೇಲೆ ನಾವೇ ಕೂತು ಉಂಡೆವು. ನಾನು ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತ ಕೂತೆ. ಅವ್ವ ಮಾತ್ರ ತಲೆ ಎತ್ತಿಕೊಂಡೇ ಉಂಡಳು.

ಹೊತ್ತು ಇಳಿಯುವಾಗ ಹಿತ್ತಲ ಬಾಗಿಲು ಮೆಲ್ಲಗೆ ಬಡಿದ ಸಪ್ಪಳವಾಯಿತು. ನೋಡಿದರೆ ಚಿಗವ್ವ! ಮೋಟುಗೋಡೆ ದಾಟಿ ಬಂದಿದ್ದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು.

“ಯಕ್ಕಾ, ಒಂದ ಹೋಳಗಿ ಕೊಡು. ಇಲ್ಲೇ ನಿಂತ ತಿಂತೀನಿ. ಮನ್ಯಾಗ ಯಾರಿಗೂ ಗೊತ್ತಾಗಬಾರ್ದು.”

ಅವ್ವ ತಾಟಿಗೆ ಹೋಳಿಗೆ ಹಾಕಿ ತುಪ್ಪ ಸುರಿದಳು. ಕೊಡುವವಳು ಹಾಗೇ ನಿಂತಳು.

“ಹಿತ್ತಲ ಬಾಗಲಾ ಕಸಾ ಚೆಲ್ಲಾಕ ಐತವ್ವ. ಉಣ್ಣಾಕ ಬರೋರಿಗೆ ಮುಂದಿನ ಬಾಗಲಾ ತಗದೈತಿ.”

“ಯಕ್ಕಾ, ನಮ್ಮತ್ತಿ ಗೊತ್ತಲ್ಲ ನಿನಗ?”

“ಗೊತ್ತೈತಿ. ನೀ ಯಾರ ಕಡಿ ಅಂತನೂ ನನಗ ಗೊತ್ತಾಗ್ಲಿ.”

ಚಿಗವ್ವನ ಕಣ್ಣು ತುಂಬಿದವು. ಬಂದ ದಾರಿಯಲ್ಲೇ ಗೋಡೆ ದಾಟಿ ಹೋದಳು. ನನಗೆ ತಡೆಯಲಾಗಲಿಲ್ಲ. “ಇಡೀ ಓಣ್ಯಾಗ ಒಬ್ಬಾಕಿ ಬಂದಿದ್ಲು, ಆಕಿನ್ನೂ ಕಳಿಸಿದೆಲ್ಲ!” ಎಂದು ಕಿರುಚಿದೆ. ಅವ್ವ ಒಲೆಯ ಮುಂದೆ ಕುಸಿದು ಕೂತು ಅಳತೊಡಗಿದಳು. ಅವ್ವ ಅಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಳುತ್ತಲೇ ಹೇಳಿದಳು, “ಆಕಿ ಕದ್ದ ತಿಂದ್ರ ನಾ ಕದ್ದ ಬಡಿಸಿದಂಗ. ನಾನ್ಯಾಕ ಕದ್ದ ಬಡಸ್ಲಿ? ನಾ ಏನ ತಪ್ಪ ಮಾಡೀನಿ?”

ಅವಳು ಕೇಳಿದ್ದು ಸರಿಯಾಗಿಯೇ ಇತ್ತು.

ಮುಂದೆ ಎಳ್ಳಮಾಸಿಗೆ ಓಣಿಯಿಂದ ಬಂದ ತಾಟುಗಳನ್ನೆಲ್ಲ ಅವ್ವ ಬಾಗಿಲಿಂದಲೇ ತಿರುಗಿಸಿದಳು. ಸಜ್ಜಿ ರೊಟ್ಟಿಯ ವಾಸನೆ ಬಂದು ಬಂದು ಹೋಗುವಾಗ ತಮ್ಮ ಗೋಳಾಡಿದ. ನಾನು ಅವನ ಬಾಯಿ ಮುಚ್ಚಿದೆ. ಅಷ್ಟು ಹೊತ್ತಿಗೆ ನನಗೂ ಹಟ ಬಂದಿತ್ತು. ಹೆರಿಗೆಗೆ ಕರೆದರೆ ಅವ್ವ ಎದ್ದು ಹೋಗುತ್ತಿದ್ದಳು, ಅದರಲ್ಲಿ ಎಂದೂ ತಡಮಾಡಲಿಲ್ಲ. ಆದರೆ ಅವರ ಮನೆಯ ಚಹಾ ಮುಟ್ಟುತ್ತಿರಲಿಲ್ಲ. “ಸೊಕ್ಕ ಬಂದೈತಿ ನರ್ಸಗ” ಎಂದು ಗಿರಣಿಯಲ್ಲಿ ಆಡಿಕೊಂಡರು. ಬಂದಿತ್ತು, ಹೌದು. ಬರಬೇಕಾದದ್ದು ತಡವಾಗಿ ಬಂದಿತ್ತು.

ಮೋಟುಗೋಡೆಯ ಹತ್ತಿರದ ನಗು ನಿಂತುಹೋಯಿತು. ಚಿಗವ್ವ ಪಾತ್ರೆ ತಿಕ್ಕಲು ಬಂದರೆ ಅವ್ವ ಬಟ್ಟೆ ಹಿಂಡುವುದನ್ನು ಅರ್ಧಕ್ಕೆ ಬಿಟ್ಟು ಒಳಗೆ ಬರುತ್ತಿದ್ದಳು. ಬಂದು ಸುಮ್ಮನೆ ನಿಲ್ಲುತ್ತಿದ್ದಳು, ಮಾಡಲು ಏನೂ ಇಲ್ಲದವಳ ಹಾಗೆ. ಆ ಒಂದು ವರ್ಷ ಅವಳು ಬಹಳ ಸೊರಗಿದಳು. ಗೆಳತಿ ಕೈಬಿಟ್ಟು ಹೋದರೆ ಇನ್ನೊಬ್ಬಳು ಸಿಗುವ ಊರಲ್ಲ ಅದು ಎಂದು ಅವಳಿಗೆ ಗೊತ್ತಿತ್ತು.

ಮತ್ತೆ ಡಿಸೆಂಬರ್ ಬಂತು. ಮತ್ತೆ ಸಕ್ಕರೆ ಅಟ್ಟಕ್ಕೇರಿತು, ಮತ್ತೆ ಗಂಜಿ. “ಯಾರೂ ಬರಂಗಿಲ್ಲ, ನಮಗಷ್ಟ ಮಾಡು” ಎಂದು ಅಪ್ಪ ಹೇಳಿ ನೋಡಿದ. ಅವ್ವ ಹೋದ ವರ್ಷಕ್ಕಿಂತ ಹೆಚ್ಚು ಶೇಂಗಾ ಹುರಿದಳು. ಮನೆಮನೆಗೆ ಹೋಗಿ ಕರೆದಳು. ಕ್ರಿಸ್ಮಸ್ ದಿನ ಮಧ್ಯಾಹ್ನ ಅದೇ ಕಟ್ಟೆ, ಅದೇ ಚಾಪೆ, ಎದುರಿಗೆ ಗಿರಣಿಯ ಅವೇ ಹೆಂಗಸರು.

ಚಿಗವ್ವ ತನ್ನ ಮುಂಬಾಗಿಲಿಂದ ಹೊರಬಿದ್ದಳು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಕೂತಿದ್ದ ಅತ್ತೆಯ ಮುಂದೆಯೇ ಹಾದು, ನಮ್ಮ ಕಟ್ಟೆ ಹತ್ತಿ ಚಾಪೆಯ ಮೇಲೆ ಕೂತಳು.

“ಬಡಸಕ್ಕಾ, ಹಸಿವ್ಯಾಗೈತಿ.”

ಗಿರಣಿಯ ಹೆಂಗಸರು ಬುಟ್ಟಿ ಬಿಟ್ಟು ಬಾಗಿಲಿಗೆ ಬಂದರು. ಮುದುಕಿ ಕೋಲೂರಿ ಎದ್ದಳು. “ಏ, ಏನ ಮಾಡಾಕತ್ತೀಯ ಅಲ್ಲಿ?”

“ಉಣ್ಣಾಕತ್ತೀನತ್ತಿ. ಕಾಣವಲ್ದೇನ್ರಿ?”

ಅವ್ವ ತುಪ್ಪ ಎಷ್ಟು ಸುರಿದಳೆಂದರೆ ಅರ್ಧ ಎಲೆ ದಾಟಿ ಚಾಪೆಗೆ ಹರಿಯಿತು. ಚಿಗವ್ವ ಒಂದು ಹೋಳಿಗೆ ಮುಗಿಸಿ ಇನ್ನೊಂದು ಕೇಳಿದಳು, ಆಮೇಲೆ ಮತ್ತೊಂದು. ಗಿರಣಿಯತ್ತ ತಿರುಗಿ, “ಎಣ್ಣಿಗಾಯಿ ಭಾಳ ಛಲೋ ಆಗ್ಯಾವ, ಬರ್ರಿ ಯಾರಾರ” ಎಂದು ಕರೆದಳು. ಯಾರೂ ಬರಲಿಲ್ಲ. ಬಾರದಿದ್ದರೆ ಬಿಡಲಿ, ಅವತ್ತು ನಮ್ಮ ಹಬ್ಬ ತುಂಬಿಹೋಗಿತ್ತು.

ಮುದುಕಿ ಅಷ್ಟಕ್ಕೇ ಬಿಡುವವಳಲ್ಲ. ಶುದ್ಧಿ ಮಾಡಿಸಿಕೊಳ್ಳುವ ತನಕ ಒಲೆ ಮುಟ್ಟಬೇಡ, ಒಳಗಿನ ಊಟವೂ ಇಲ್ಲ ಎಂದು ಸೊಸೆಗೆ ಹೇಳಿಬಿಟ್ಟಳು. ಚಿಗವ್ವ, “ನಾ ಹೊಲಸ ತಿಂದಿಲ್ಲ, ಶುದ್ಧಿ ಯಾತಕ್ಕ?” ಎಂದು ತಿರುಗಿ ಹೇಳಿ, ಮರುದಿನ ಮಧ್ಯಾಹ್ನ ತನ್ನ ತಾಟು ತಾನೇ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದು ಕೂತಳು. ಅಷ್ಟು ಹೊತ್ತಿಗೆ ನಮ್ಮಲ್ಲಿ ಹೋಳಿಗೆಯೂ ಇಲ್ಲ, ತುಪ್ಪವೂ ಇಲ್ಲ. ಅವ್ವ ನುಚ್ಚಿನ ಗಂಜಿ ಸುರಿದು ಪಕ್ಕಕ್ಕೆ ಅಗಸಿ ಹಿಂಡಿ ಇಟ್ಟಳು.

“ಇದೇನಕ್ಕಾ?”

“ನಮ್ಮ ದಿನದ ಊಟ.”

“ಇದಕ್ಕೇನ ನನ್ನ ಓಣ್ಯಾಗ ಕುಂದ್ರಿಸಿದಿ?”

“ಹೂಂ. ಉಣ್ಣು.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ವರ್ಷ ಕೇಳದೆ ಇದ್ದ ಆ ನಗು ಕೇಳಿ ನನಗೆ ಅಳು ಬಂತು. ಹೀಗೆ ದಿನಾ ನಡೆಯಿತು. ಅತ್ತ ಒಲೆಯ ಮುಂದೆ ಮುದುಕಿ ಒಬ್ಬಳೇ, ಇಡೀ ಮನೆಗೆ ರೊಟ್ಟಿ ಬಡಿದು ಬಡಿದು ಅವಳ ರಟ್ಟೆ ಸೋತವು. ಒಂದು ದಿನ ನಾವೆಲ್ಲ ಕಟ್ಟೆಯ ಮೇಲೆ ಉಣ್ಣುತ್ತಿರುವಾಗ ಕೋಲೂರಿಕೊಂಡು ನಮ್ಮ ಮನೆಯ ಮುಂದೆಯೇ ಬಂದು ನಿಂತಳು.

“ಸಾಕ ಏಳ ಇನ್ನ. ಶುದ್ಧಿ ಗಿದ್ಧಿ ಏನೂ ಬ್ಯಾಡ. ರೊಟ್ಟಿ ಮಾಡೋದೈತಿ, ಮನಿಗೆ ನಡಿ.”

“ಗಂಜಿ ಬಿಸಿ ಐತತ್ತಿ. ಕುಡದ ಬರ್ತೀನಿ.”

ಅವ್ವ ಸರಿದು ಚಾಪೆಯ ಮೇಲೆ ಜಾಗ ಮಾಡಿ, “ನೀವೂ ಕುಂದರ್ರಿ ಯಮ್ಮಾ” ಎಂದಳು. ಮುದುಕಿ ಕೂಡಲಿಲ್ಲ. ಹೋಗಲೂ ಇಲ್ಲ. ಸೊಸೆಯ ತಾಟು ಬರಿದಾಗುವುದನ್ನು ಕಾಯುತ್ತ, ಇಡೀ ಗಿರಣಿ ನೋಡುತ್ತಿರುವಾಗ, ಬಿಸಿಲಲ್ಲಿ ನಿಂತೇ ಇದ್ದಳು. ಅವ್ವ ಬೇಕೆಂತಲೇ ಚಿಗವ್ವನ ತಾಟಿಗೆ ಇನ್ನೊಂದು ಸೌಟು ಹಾಕಿದಳು.