ನಮ್ಮ ಮನೆಯ ದೂರು ಅಧಿಕಾರಿ

ನನ್ನ ಅತ್ತೆಗೆ ಅರವತ್ತೆಂಟನೇ ವಯಸ್ಸಿನಲ್ಲಿ ಸರ್ಕಾರದ ದಯೆಯಿಂದ ಕೆಲಸ ಸಿಕ್ಕಿತು. ಅವರು ಅರ್ಜಿ ಹಾಕಿರಲಿಲ್ಲ, ಪರೀಕ್ಷೆ ಬರೆದಿರಲಿಲ್ಲ, ಯಾರ ಕೈಕಾಲೂ ಹಿಡಿದಿರಲಿಲ್ಲ. ಓದಿದ್ದು ಏಳನೇ ಕ್ಲಾಸು. ಆದರೂ ಒಂದು ಸೋಮವಾರ ಬೆಳಿಗ್ಗೆ ಟೀ ಲೋಟ ಕೆಳಗಿಡುವಷ್ಟರಲ್ಲಿ ಅಧಿಕಾರಿಯಾಗಿಬಿಟ್ಟರು. ಅದಕ್ಕೆ ಕಾರಣ ನನ್ನ ಕಾಲೊರಸುಗಳು ಮತ್ತು ಈ ದೇಶದ ಒಂದು ಹೊಸ ನಿಯಮ.

ದರ್ಜಿ ಅಂಗಡಿಗಳಲ್ಲಿ ಕತ್ತರಿಸಿ ಬಿಸಾಡುವ ತುಂಡು ಬಟ್ಟೆಯನ್ನು ಮೂಟೆಗಟ್ಟಲೆ ತಂದು, ಎರಡು ಬೆರಳಗಲದ ಪಟ್ಟಿ ಮಾಡಿ, ಮೂರು ಪಟ್ಟಿ ಸೇರಿಸಿ ಜಡೆ ಹೆಣೆದು, ಆ ಜಡೆಯನ್ನು ಸುರುಳಿ ಸುತ್ತುತ್ತಾ ಹೊಲಿದರೆ ಒಂದು ಕಾಲೊರಸು. ನಮಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ, ಮೊಬೈಲಿನಲ್ಲಿ ಮಾರಾಟ. ನನ್ನ ಗಂಡ ಫೋಟೋ ತೆಗೆಯುತ್ತಾರೆ, ಪಾರ್ಸೆಲ್ ಕಟ್ಟುತ್ತಾರೆ, ಉಳಿದ ಹೊತ್ತು ಸಲಹೆ ಕೊಡುತ್ತಾರೆ.

ಆನ್‌ಲೈನಿನಲ್ಲಿ ಮಾರುವವರ ಮೇಲೆ ಸರ್ಕಾರಕ್ಕೆ ಅದೇನು ಪ್ರೀತಿಯೋ, ವರ್ಷಕ್ಕೊಂದು ನಿಯಮ ಕಳಿಸುತ್ತದೆ. ಒಂದು ವರ್ಷ ಪ್ರತಿ ವಸ್ತುವಿನ ತೂಕ ಹಾಕಿ ಎಂದರು; ಅಡುಗೆಮನೆಯ ತಕ್ಕಡಿ ಕಾಲೊರಸಿನ ಪಾಲಾಯಿತು. ಮರುವರ್ಷ ಯಾವ ನೂಲು ಎಷ್ಟು ಪಾಲು ಎಂದು ಬರೆಯಿರಿ ಎಂದರು. ಇಪ್ಪತ್ತು ದರ್ಜಿಗಳ ಕಸದಲ್ಲಿ ಯಾರ ಲಂಗ ಎಷ್ಟು, ಯಾರ ಪ್ಯಾಂಟು ಎಷ್ಟು ಎಂದು ಬ್ರಹ್ಮನೂ ಹೇಳಲಾರ. ‘ಮಿಶ್ರ ನೂಲು’ ಎಂದು ಬರೆದು ಉಸಿರು ಬಿಟ್ಟೆವು.

ಈ ಸಲ ಬಂದದ್ದು ದೊಡ್ಡ ಮೀನು. ಆನ್‌ಲೈನಿನಲ್ಲಿ ಮಾರುವ ಪ್ರತಿಯೊಬ್ಬರೂ ಗಿರಾಕಿಗಳ ದೂರು ಕೇಳಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಅವರ ಫೋನ್ ನಂಬರು ಅಂಗಡಿಯ ಪುಟದಲ್ಲಿ ಕಾಣಬೇಕು. ದೂರು ಬಂದರೆ ಎರಡು ದಿನದೊಳಗೆ ಉತ್ತರ, ಮೂವತ್ತು ದಿನದೊಳಗೆ ಪರಿಹಾರ, ಎರಡೂ ಸರ್ಕಾರದ ಜಾಲತಾಣದಲ್ಲಿ ದಾಖಲಾಗಬೇಕು. ಮೂವತ್ತು ದಿನ ದಾಟಿದರೆ ಪುಟ ಬಂದ್. ಮಾಲೀಕರೇ ಅಧಿಕಾರಿಯಾಗುವಂತಿಲ್ಲ, ಅದು ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ ಎಂದು ಅವರ ಲೆಕ್ಕ. ಕಾಗದಪತ್ರದಲ್ಲಿ ನಾನೂ ನನ್ನ ಗಂಡನೂ ಇಬ್ಬರೂ ಮಾಲೀಕರು. ಮನೆಯಲ್ಲಿ ಉಳಿದವರು ಅತ್ತೆ ಒಬ್ಬರೇ. ವಿದ್ಯಾರ್ಹತೆಯ ಮಾತು ನಿಯಮದಲ್ಲಿ ಇರಲಿಲ್ಲ. ನಾನು ಸೊಸೆಯಾಗಿ ಬಂದ ಹನ್ನೊಂದು ವರ್ಷದಿಂದ ದೂರು ಹೇಳುವುದರಲ್ಲಿ ಪಳಗಿದವರು ಕೇಳುವುದರಲ್ಲಿ ಹಿಂದೆ ಬೀಳುತ್ತಾರೆಯೇ ಎಂದು ನಾನು ಗಂಡನ ಕಿವಿಯಲ್ಲಿ ನಕ್ಕೆ. ಆ ನಗು ನನಗೆ ಆಮೇಲೆ ತುಟ್ಟಿಯಾಯಿತು.

ಅತ್ತೆ ಮೊದಲು ಮೇಜು ಕೇಳಿದರು. ಆಮೇಲೆ ಕುರ್ಚಿ, ದಪ್ಪ ನೋಟ್‌ಬುಕ್ಕು, ಎರಡು ಪೆನ್ನು. ಹೊಲಿಗೆ ಕೋಣೆಯ ಕಿಟಕಿ ಪಕ್ಕದಲ್ಲಿ ಕಚೇರಿ ತೆರೆಯಿತು. ಹತ್ತರಿಂದ ಐದರವರೆಗೆ ಕೆಲಸ, ಒಂದರಿಂದ ಎರಡು ನಿದ್ದೆ. ನಿದ್ದೆ ಎನ್ನಬಾರದು, ಊಟದ ವಿರಾಮ ಎನ್ನಬೇಕು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಹಜಾರದಿಂದ ಕೋಣೆಗೆ ಎಂಟು ಹೆಜ್ಜೆ ನಡೆದು ಅವರು ಆಫೀಸಿಗೆ ಹೋಗುವ ಠೀವಿ ನೋಡಬೇಕಿತ್ತು. ಪಕ್ಕದ ಮನೆಯವರು ಮೂರೇ ದಿನದಲ್ಲಿ ‘ಆಫೀಸರಮ್ಮ’ ಎಂದು ಹೆಸರಿಟ್ಟರು. ಅತ್ತೆ ಬೇಡ ಎನ್ನಲಿಲ್ಲ.

ದೂರುಗಳೂ ಬಂದವು. ಒಬ್ಬಾತ, ಕಾಲೊರಸು ಚೆನ್ನಾಗಿದೆ ಎಂದು ಹೆಂಡತಿ ಅದರ ಮೇಲೆ ಕಾಲಿಡಲು ಬಿಡುತ್ತಿಲ್ಲ, ದಿನಾ ಹಾರಿ ಹಾರಿ ಮಂಡಿ ನೋವು ಬಂದಿದೆ ಎಂದ. ಅತ್ತೆ ಎರಡನೆಯದನ್ನು ಮಣ್ಣಿನ ಬಣ್ಣದಲ್ಲಿ ಕೊಳ್ಳುವಂತೆ ತೀರ್ಪು ಕೊಟ್ಟು, ಮಾರಿಯೂ ಬಿಟ್ಟರು. ಬೆಕ್ಕು ಅದರ ಮೇಲಿಂದ ಏಳುವುದೇ ಇಲ್ಲ ಎಂದವಳಿಗೆ, ಆ ದೂರನ್ನು ಬೆಕ್ಕು ಕೊಡಬೇಕು, ನೀನಲ್ಲ ಎಂದರು. ಒಬ್ಬ ಹೆಂಗಸು ನಮ್ಮಿಂದ ಏನನ್ನೂ ಕೊಳ್ಳದೆ, ತನ್ನ ಅಕ್ಕ ಮೂರು ತಿಂಗಳಿಂದ ಮಾತಾಡಿಸುತ್ತಿಲ್ಲ ಎಂದು ಅರ್ಧ ಗಂಟೆ ಅತ್ತಳು. ಅತ್ತೆ ಪೂರ್ತಿ ಕೇಳಿ ‘ನಮ್ಮ ವಸ್ತುವಲ್ಲ, ಆದರೂ ಕೇಳಿದ್ದೇನೆ’ ಎಂದು ದಾಖಲಿಸಿದರು. ಪುಟದಲ್ಲಿ ಯಾರೋ ಬರೆದರು: ಕಾಲೊರಸು ಪರವಾಗಿಲ್ಲ, ಅಧಿಕಾರಿ ಅದ್ಭುತ. ವ್ಯಾಪಾರ ಏರಿತು. ಸಮುದ್ರದಾಚೆಯ ಹೋಟೆಲೊಂದು ತನ್ನ ಕೋಣೆಗಳಿಗೆಲ್ಲ ಬೇಕೆಂದು ಮುನ್ನೂರು ಕಾಲೊರಸು ಕೇಳಿತು. ನಾನು ಆ ದಿನ ಬಟ್ಟೆ ಮೂಟೆಯ ಮೇಲೆ ಕೂತು ಕುಣಿದೆ. ಕೂತು ಕುಣಿಯಲು ಬರುತ್ತದೆ ಎಂದು ನನಗೂ ಆಗಲೇ ಗೊತ್ತಾದದ್ದು.

ಮರುದಿನ ಸರ್ಕಾರದಿಂದ ಸಂದೇಶ ಬಂತು. ನಿಮ್ಮ ಅಂಗಡಿಯ ಮೇಲಿನ ಒಂದನೇ ದೂರು ಇಪ್ಪತ್ತು ದಿನದಿಂದ ಹಾಗೇ ಇದೆ, ಇನ್ನು ಹತ್ತು ದಿನದಲ್ಲಿ ಬಗೆಹರಿಯದಿದ್ದರೆ ಪುಟ ಮುಚ್ಚಲಾಗುವುದು. ಪುಟ ಹೋದರೆ ಹೋಟೆಲೂ ಹೋಯಿತು. ನಾನು ಗಾಬರಿಯಿಂದ ಒಂದನೇ ದೂರು ತೆರೆದೆ. ದೂರು ಕೊಟ್ಟವರು: ನನ್ನ ಅತ್ತೆ. ಯಾರ ಮೇಲೆ: ಮಾಲೀಕರ ಮೇಲೆ. ವಿವರ: ‘ನಾನು ಹೊಲಿದ ಕಾಲೊರಸುಗಳನ್ನು ಸೊಸೆ ಕದ್ದು ಬಿಚ್ಚಿ ಮತ್ತೆ ಹೊಲಿಯುತ್ತಾಳೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ.’ ಬೇಕಾದ ಪರಿಹಾರ ಎಂಬಲ್ಲಿ ಹಣ ವಾಪಸು, ಬದಲಿ ವಸ್ತು, ದುರಸ್ತಿ ಎಲ್ಲವನ್ನೂ ಬಿಟ್ಟು ‘ಇತರೆ’ ಒತ್ತಿದ್ದರು.

ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ವಿಷಯ ನಿಜವೇ. ಅತ್ತೆ ವಾರಕ್ಕೆರಡು ಕಾಲೊರಸು ಹೊಲಿಯುತ್ತಿದ್ದರು. ಅವು ನೆಲಕ್ಕೆ ಅಂಟಿ ಕೂರುತ್ತಿರಲಿಲ್ಲ, ಕವುಚಿಟ್ಟ ತಟ್ಟೆಯ ಹಾಗೆ ನಡುವೆ ಉಬ್ಬುತ್ತಿದ್ದವು. ಮುಖದ ಮೇಲೆ ಹೇಳಿದರೆ ನೊಂದುಕೊಳ್ಳುತ್ತಾರೆ ಎಂದು ಅವರು ಆಚೆ ಹೋದಾಗ ಬಿಚ್ಚಿ ಹೊಲಿಯುತ್ತಿದ್ದೆ. ಹನ್ನೊಂದು ವರ್ಷ ಅದನ್ನು ನನ್ನ ದೊಡ್ಡ ಗುಣ ಎಂದುಕೊಂಡಿದ್ದೆ. ಅದೀಗ ಸರ್ಕಾರದ ಕಡತದಲ್ಲಿ ಕೂತಿತ್ತು.

ಇದರ ಮೂಲ ನನ್ನ ಗಂಡ. ಜಾಲತಾಣದ ಬಳಕೆ ಕಲಿಸುವಾಗ, ಕೈ ಪಳಗಲಿ ಎಂದು, ಏನಾದರೂ ಒಂದು ದೂರು ಹಾಕಿ ನೋಡಮ್ಮ ಎಂದಿದ್ದರಂತೆ. ಬೇರೆ ಯಾರಾದರೂ ‘ಬಣ್ಣ ಸರಿಯಿಲ್ಲ’ ಎಂದು ಹಾಕುತ್ತಿದ್ದರು. ಸರ್ಕಾರ ಕೇಳಿದ ಮೇಲೆ ಸುಳ್ಳು ಬರೆಯಲಾದೀತೇ ಎಂದು ಅತ್ತೆ ಇದ್ದದ್ದನ್ನೇ ಬರೆದಿದ್ದರು. ಸಹಾಯವಾಣಿಗೆ ಫೋನ್ ಮಾಡಿದೆ. ಒಮ್ಮೆ ಬಿದ್ದ ದೂರನ್ನು ಅಳಿಸಲು ಮಂತ್ರಿಗಳಿಗೂ ಆಗುವುದಿಲ್ಲವಂತೆ. ದೂರು ಕೊಟ್ಟವರ ಫೋನಿಗೆ ಒಟಿಪಿ ಬರುತ್ತದೆ, ಅದನ್ನು ಹಾಕಿ ತೃಪ್ತಿಯಾಗಿದೆ ಎಂದು ಒತ್ತಿದರೆ ಮಾತ್ರ ಮುಗಿಯುತ್ತದೆ. ನನಗೆ ಅದು ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಒಂದು ಒಟಿಪಿ ತಾನೇ, ಹೇಳಿಬಿಡಿ ಅತ್ತೆ ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ತೃಪ್ತಿ ಆಗಿಲ್ವಲ್ಲ. ಆಗದೆ ಆಗಿದೆ ಅಂತ ಹೇಗೆ ಒತ್ತಲಿ? ನಾನು ಅಧಿಕಾರಿ.”

ಮರುದಿನ ಕ್ಷಮೆ ಕೇಳಿದೆ. ಮೇಜಿನ ಮುಂದೆ ನಿಂತು, ಶಾಲೆಯಲ್ಲಿ ಗಾಜು ಒಡೆದವಳಂತೆ. ಅವರು ಗಂಭೀರವಾಗಿ ಕೇಳಿ, ಕ್ಷಮೆ ಕೇಳಲಾಗಿದೆ ಎಂದು ಬರೆದುಕೊಂಡು, ಅದು ಪರಿಹಾರವಲ್ಲ ಎಂದರು. ಹೊಸ ಸೀರೆ ತಂದೆ. ಅಧಿಕಾರಿಗಳು ಉಡುಗೊರೆ ಮುಟ್ಟಬಾರದು ಎಂದು ಅದನ್ನು ಎರಡೇ ಬೆರಳಲ್ಲಿ ನನ್ನ ಕಡೆ ತಳ್ಳಿದರು. ಬಣ್ಣ ಅವರಿಗೆ ಹಿಡಿಸಿತ್ತು, ತಳ್ಳುವಾಗ ಒಮ್ಮೆ ಸವರಿದ್ದನ್ನು ನಾನು ನೋಡಿದೆ.

ಇನ್ನೊಂದು ಉಪಾಯ ಹೊಳೆಯಿತು. ಅವರು ಹೊಲಿದದ್ದನ್ನು ಬಿಚ್ಚದೆ ಹಾಗೇ ಮಾರಾಟಕ್ಕಿಟ್ಟೆ. ವಿವರ ಬರೆಯುವಾಗ ಅತ್ತೆಯೇ ಬಂದು, ಇದ್ದದ್ದು ಇದ್ದ ಹಾಗೆ ಬರೆಯಬೇಕೆಂದು ನಿಯಮವಿದೆ ಎಂದು ನೆನಪಿಸಿದರು. ‘ನಡುವೆ ಉಬ್ಬಿರುತ್ತದೆ, ನೋಡಿಕೊಂಡು ನಡೆಯಿರಿ’ ಎಂದು ಬರೆಯಿಸಿದರು. ನಾಲ್ಕು ದಿನ ಒಂದೂ ಹೋಗಲಿಲ್ಲ. ಒಬ್ಬ ಮಾತ್ರ, ಈ ಟೋಪಿ ಯಾವ ಅಳತೆಯಲ್ಲಿ ಸಿಗುತ್ತದೆ ಎಂದು ಕೇಳಿದ. ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದೆ. ಅತ್ತೆ ಅವನಿಗೆ ಎರಡು ದಿನದೊಳಗೆ ಮರ್ಯಾದೆಯಿಂದಲೇ ಉತ್ತರ ಕೊಟ್ಟರು.

ಗಂಡನ ಸಲಹೆ ಕಳ್ಳತನದ್ದು. ಊಟದ ವಿರಾಮದಲ್ಲಿ ಅಮ್ಮನ ಫೋನು ದಿಂಬಿನ ಪಕ್ಕ ಇರುತ್ತದೆ, ನಾನು ಜಾಲತಾಣದಲ್ಲಿ ಒತ್ತುತ್ತೇನೆ, ನೀನು ಒಟಿಪಿ ನೋಡಿಕೊಂಡು ಬಾ ಎಂದರು. ನಾನು ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಹೋದೆ. ಫೋನು ಟಿಂಗ್ ಎಂದಿತು. ಕೈ ಚಾಚಿದೆ. ಅತ್ತೆ ಕಣ್ಣು ತೆರೆಯದೆ, ಕಚೇರಿ ಎರಡು ಗಂಟೆಗೆ ತೆರೆಯುತ್ತದೆ ಎಂದರು. ನಾನೂ ನನ್ನ ಗಂಡನೂ ಅಡುಗೆಮನೆಯಲ್ಲಿ ಒಬ್ಬರನ್ನೊಬ್ಬರು ಬೈಯುತ್ತಾ ನಕ್ಕೆವು, ನಗುತ್ತಾ ಬೈದೆವು. ಹೆದರಿಕೆಯಲ್ಲಿ ಬರುವ ನಗು ನಿಲ್ಲಿಸಲು ಆಗುವುದಿಲ್ಲ.

ಮೂವತ್ತನೇ ದಿನ ಬಂತು. ಸಂಜೆ ಐದಕ್ಕೆ ಗಡುವು. ಎರಡೂವರೆಗೆ ನಾನು ಅತ್ತೆಯ ಮೇಜಿನ ಮುಂದೆ ಕುರ್ಚಿ ಎಳೆದು ಕೂತೆ. ಉಪಾಯವೆಲ್ಲ ಖಾಲಿಯಾಗಿತ್ತು. ಹತ್ತು ದಿನ ನಾನೇ ಊಹಿಸಿ ನಾನೇ ಕೊಡುತ್ತಿದ್ದೆನೇ ಹೊರತು ಅವರನ್ನು ಒಂದು ಮಾತು ಕೇಳಿರಲಿಲ್ಲ. ಅದು ಆಗ ಹೊಳೆದು ನನಗೇ ಕಸಿವಿಸಿಯಾಯಿತು.

“ಅತ್ತೆ, ನಿಮಗೆ ಏನು ಬೇಕು ಅಂತ ನೀವೇ ಹೇಳಿ.”

ಅವರು ನೋಟ್‌ಬುಕ್ಕು ಮುಚ್ಚಿದರು. ಅಧಿಕಾರಿಯ ಮುಖ ಹೋಗಿ ಬರೀ ಅತ್ತೆಯ ಮುಖ ಉಳಿಯಿತು.

“ಎಲ್ಲಿ ತಪ್ಪುತ್ತೆ ಅಂತ ತೋರಿಸಿಕೊಡು. ಹನ್ನೊಂದು ವರ್ಷ ಬಿಚ್ಚಿದೆಯಲ್ಲ, ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು ಹೇಳಬಾರದಿತ್ತಾ? ಕಲಿಯೋಕೆ ಆಗದಷ್ಟು ದಡ್ಡಿ ಅಂದುಕೊಂಡೆಯಾ ನನ್ನ?”

ನಾನು ಎದ್ದು ಹೋಗಿ ಹೆಣೆದಿಟ್ಟ ಒಂದು ಜಡೆ, ದಪ್ಪ ಸೂಜಿ, ದಾರ ತಂದೆ. ಇಬ್ಬರೂ ನೆಲದ ಮೇಲೆ ಕೂತೆವು.

ತಪ್ಪು ಇದ್ದದ್ದು ಬೆರಳಗಲದಷ್ಟು. ಸುರುಳಿ ತಿರುಗುವಾಗ ಹೊರಗಿನ ಜಡೆಗೆ ಒಳಗಿನದಕ್ಕಿಂತ ಉದ್ದ ಬೇಕು. ಅಲ್ಲಿ ಕೊಂಚ ಸಡಿಲ ಬಿಡಬೇಕು. ಅತ್ತೆ ಅಲ್ಲೇ ಹಲ್ಲು ಕಚ್ಚಿ ಎಳೆಯುತ್ತಿದ್ದರು. ಗಟ್ಟಿಯಾಗಿರಲಿ, ಸೊಸೆಯ ಹೆಸರು ಕೆಡದಿರಲಿ ಎಂದಂತೆ. ಸಡಿಲ ಬಿಡಿ ಎಂದರೆ, ಬಿಚ್ಚಿಕೊಂಡು ಹೋದರೆ ಆ ದೂರನ್ನೂ ನಾನೇ ಕೇಳಬೇಕಲ್ಲ ಎಂದು ಜಗಳಕ್ಕೆ ಬಂದರು. ಬಿಚ್ಚುವುದಿಲ್ಲ ಎಂದು ನಾನು. ಬಿಚ್ಚುತ್ತದೆ ಎಂದು ಅವರು. ಮೂರು ಸುತ್ತು ಹೊಲಿದು ನೆಲದ ಮೇಲಿಟ್ಟರು. ತಟ್ಟೆಯಗಲದ ಕಾಲೊರಸು ಉಬ್ಬದೆ ಬಿದ್ದುಕೊಂಡಿತು. ಅವರು ಅದನ್ನು ಒಂದು ನಿಮಿಷ ನಂಬದೆ ನೋಡಿದರು. ಎದ್ದು ಅದರ ಮೇಲೆ ಎರಡು ಕಾಲೂ ಇಟ್ಟು ನಿಂತರು. ಅಷ್ಟು ಚಿಕ್ಕದರ ಮೇಲೆ ಆಯ ತಪ್ಪಿ ನನ್ನ ಹೆಗಲು ಹಿಡಿದರು. ನಾನು ನಕ್ಕೆ. ಅವರೂ ನಕ್ಕರು. ಯಾಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ, ನಕ್ಕು ನಕ್ಕು ಇಬ್ಬರಿಗೂ ಹೊಟ್ಟೆ ನೋಯಿತು.

ನನ್ನ ಗಂಡ ಬಾಗಿಲಲ್ಲಿ ಬಂದು ನಾಲ್ಕು ಐವತ್ತು ಎಂದರು. ಆಗ ಶುರುವಾಯಿತು ಓಡಾಟ. ಮೊದಲ ಒಟಿಪಿಯನ್ನು ಅತ್ತೆ ಒಂದೊಂದೇ ಅಂಕಿ ನಿಧಾನವಾಗಿ ಓದುವಷ್ಟರಲ್ಲಿ ಅದರ ಆಯಸ್ಸು ಮುಗಿಯಿತು. ಎರಡನೆಯದು ಬರುವ ಹೊತ್ತಿಗೆ ಅಕ್ಕ ಮಾತಾಡಿಸುತ್ತಿಲ್ಲ ಎಂದು ಅತ್ತ ಆ ಹೆಂಗಸಿನ ಫೋನು ಬಂತು, ಅಕ್ಕ ಮಾತಾಡಿದಳಂತೆ. ಅತ್ತೆ ಪೂರ್ತಿ ಕೇಳದೆ ಫೋನಿಡಲು ಒಪ್ಪಲಿಲ್ಲ. ನನ್ನ ಗಂಡ ಗೋಡೆಗೆ ಹಣೆ ಒತ್ತಿ ನಿಂತರು. ಐದಕ್ಕೆ ಮೂರು ನಿಮಿಷವಿದ್ದಾಗ ಅತ್ತೆ ಆರು ಅಂಕಿ ಒತ್ತಿ, ‘ಪೂರ್ಣ ತೃಪ್ತಿ’, ‘ಭಾಗಶಃ ತೃಪ್ತಿ’ ಎರಡನ್ನೂ ಓದಿ, ಭಾಗಶಃ ಎಂಬುದನ್ನು ಆರಿಸಿದರು. ಮಿಕ್ಕದ್ದು ಪೂರ್ತಿ ಕಾಲೊರಸು ಮುಗಿದ ಮೇಲೆ ಎಂದರು. ಭಾಗಶಃ ಆದರೂ ದೂರು ಮುಗಿದಂತೆಯೇ. ಪುಟ ಉಳಿಯಿತು.

ನಾನು ಏಳಲು ಹೊರಟೆ. ಅತ್ತೆ ಕೂರು ಎಂದು ಕೈ ಸನ್ನೆ ಮಾಡಿ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದರು.

“ಈಗ ನಿಂದು ಹೇಳು. ಹನ್ನೊಂದು ವರ್ಷದಲ್ಲಿ ಒಂದೂ ಇಲ್ಲ ಅಂದರೆ ನಾನು ನಂಬಲ್ಲ.”

ನಾನು ನೆಲ ನೋಡಿದೆ, ಕಿಟಕಿ ನೋಡಿದೆ. ಕೊನೆಗೆ ಒಂದೇ ಉಸಿರಿನಲ್ಲಿ ಹೇಳಿದೆ.

“ನಾನು ಮಾಡಿದ ಅಡುಗೆಗೆ ನೀವು ಕದ್ದು ಉಪ್ಪು ಹಾಕ್ತೀರಿ.”

ಅತ್ತೆಯ ಪೆನ್ನು ನಿಂತಿತು. ಕಿವಿಯವರೆಗೆ ಕೆಂಪಾದರು. ಆಮೇಲೆ ಒಂದಕ್ಷರ ಬಿಡದೆ ಎಲ್ಲವನ್ನೂ ಬರೆದುಕೊಂಡು, ದೂರಿಗೆ ನಲವತ್ತೇಳನೇ ನಂಬರು ಕೊಟ್ಟರು.